ನಿಮ್ಮ ಪುಸ್ತಕದ ಕೊನೆಯ ತಿದ್ದುಪಡಿ ಯಾವ ಫೈಲಿನಲ್ಲಿದೆ?

ಕನ್ನಡದಲ್ಲಿ ಇ-ಪುಸ್ತಕ ಓದುವವರಿಲ್ಲ ಎಂಬ ಮಾತು ಪ್ರಕಾಶಕರ ವಲಯದಲ್ಲಿ ಈಗಲೂ ಕೇಳಿಬರುತ್ತದೆ. ನಾನಿದನ್ನು ಒಪ್ಪುವುದಿಲ್ಲ. ಜನ ದಿನವಿಡೀ ಫೋನಿನಲ್ಲಿ ಕನ್ನಡವನ್ನೇ ಓದುತ್ತಿದ್ದಾರೆ. ಆದರೆ ಇ-ಪುಸ್ತಕ ಎಂದು ನಾವು ಅವರ ಕೈಗಿಟ್ಟದ್ದು ಬಹುಪಾಲು ಪಿಡಿಎಫ್. ಡೆಮಿ 1/8 (ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆ) ಪುಟವನ್ನು ಫೋನಿನ ಅಗಲಕ್ಕೆ ಕುಗ್ಗಿಸಿದರೆ 12 ಪಾಯಿಂಟಿನ ಅಕ್ಷರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಜಗ್ಗಬೇಕು. ಹತ್ತು ಪುಟ ಓದಿ ಕೈಬಿಟ್ಟವರನ್ನು ದೂರಿ ಏನು ಪ್ರಯೋಜನ?

ಇ-ಪುಸ್ತಕಕ್ಕೆಂದೇ ಇರುವ ಫೈಲಿನ ಬಗೆ ಇಪಬ್. ಅದರಲ್ಲಿ ಈ ಕಷ್ಟವಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನೇ ಹೊಂದಿಕೊಳ್ಳುತ್ತದೆ. ಕಣ್ಣು ಕಾಣದವರಿಗೆ ಫೋನೇ ಓದಿ ಹೇಳುತ್ತದೆ. ಪುಸ್ತಕದ ಬೆಲೆಗಿಂತ ಅಂಚೆ ವೆಚ್ಚವೇ ಹೆಚ್ಚಾಗುವ ಹೊರದೇಶದ ಕನ್ನಡಿಗರಿಗೂ ಇದೇ ದಾರಿ.

ತೊಡಕಿರುವುದು ಡಿಟಿಪಿ ಹಂತದಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಹಂತದಲ್ಲಿ. ನಮ್ಮ ಹಳೆಯ ಪುಸ್ತಕಗಳು ಬಹುಪಾಲು ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿದ ಫಾಂಟು), ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ಕೂತಿವೆ. ಇಪಬ್‌ಗೆ ಬೇಕಾದದ್ದು ಯುನಿಕೋಡ್, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಪದ್ಧತಿ. ಪೇಜ್‌ಮೇಕರ್‌ಗೆ ಅದು ಗೊತ್ತಿಲ್ಲ. ಇನ್ನೂ ದೊಡ್ಡ ಕಷ್ಟವೆಂದರೆ, ಎರಡನೇ, ಮೂರನೇ ಕರಡಿನ ತಿದ್ದುಪಡಿಗಳೆಲ್ಲ ಆ ಪುಟದ ಫೈಲಿನಲ್ಲೇ ಆಗಿರುತ್ತವೆ. ಲೇಖಕರ ಬಳಿಯಿರುವ ವರ್ಡ್ ಫೈಲು ತಿದ್ದುವ ಮೊದಲಿನದು. ಅದರಿಂದ ಇ-ಪುಸ್ತಕ ಮಾಡಿದರೆ ಅಚ್ಚಿಗೆ ಮೊದಲು ತಿದ್ದಿ ತೆಗೆದಿದ್ದ ತಪ್ಪುಗಳೆಲ್ಲ ಮರಳಿ ಬರುತ್ತವೆ.

ಪುಟದ ಫೈಲಿನಿಂದಲೇ ಪಠ್ಯ ತೆಗೆದು ಆಸ್ಕಿಯನ್ನು ಯುನಿಕೋಡ್ ಮಾಡುವ ಪರಿವರ್ತಕಕ್ಕೆ ಹಾಕಿದರೂ ಕೆಲಸ ಮುಗಿಯಲಿಲ್ಲ. ಆಸ್ಕಿಯಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ, ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ. ಹಾಗಾಗಿ ‘ಸೂರ್ಯ’ದಂಥ ಪದಗಳ ಅರ್ಕಾವತ್ತು ಎಡವುತ್ತದೆ. ನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗುತ್ತದೆ. ಸಾಲಿನ ಕೊನೆಯಲ್ಲಿ ಕೈಯಾರೆ ಹಾಕಿದ ಅಡ್ಡಗೆರೆ ‘ಮನೆ-ಯಲ್ಲಿ’ ಎಂದು ಪದದ ನಡುವೆಯೇ ಉಳಿಯುತ್ತದೆ. ಎಲ್ಲಕ್ಕಿಂತ ಕಳ್ಳ ತಪ್ಪು ಸೊನ್ನೆಯದು. ನೇರ ಯುನಿಕೋಡ್‌ನಲ್ಲಿ ಟೈಪು ಮಾಡಿದ ಅಥವಾ ಓಸಿಆರ್‌ನಿಂದ (ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ಬಂದ ಪಠ್ಯದಲ್ಲಿ ಅನುಸ್ವಾರದ ಜಾಗಕ್ಕೆ ಕನ್ನಡ ಅಂಕಿ ಸೊನ್ನೆ ಸೇರಿಕೊಂಡಿರುತ್ತದೆ. ‘ಬಂದ’ ಮತ್ತು ‘ಬ೦ದ’ ನೋಡಲು ಒಂದೇ, ಆದರೆ ಹುಡುಕಿದರೆ ಎರಡನೆಯದು ಸಿಗುವುದಿಲ್ಲ, ಫೋನು ಗಟ್ಟಿಯಾಗಿ ಓದುವಾಗಲೂ ಅಲ್ಲಿ ಮುಗ್ಗರಿಸುತ್ತದೆ. ಆದ್ದರಿಂದ ಪಠ್ಯ ಯಾವ ದಾರಿಯಿಂದ ಬಂದಿದ್ದರೂ ಮೊದಲು ಈ ಸೊನ್ನೆಯನ್ನು, ಆಮೇಲೆ ಅಡ್ಡಗೆರೆಗಳನ್ನು ಹುಡುಕಿ ಒಂದೊಂದಾಗಿ ನೋಡಿ. ಒಟ್ಟಿಗೆ ಬದಲಿಸಲು ಹೋದರೆ ನಿಜವಾದ ಅಂಕಿಗಳೂ ‘ಹೆಚ್ಚು-ಕಡಿಮೆ’ಯಂಥ ಪದಗಳೂ ಕೆಡುತ್ತವೆ. ಕೊನೆಗೆ ಒಂದು ಅಧ್ಯಾಯವನ್ನು ಫೋನಿನಿಂದಲೇ ಗಟ್ಟಿಯಾಗಿ ಓದಿಸಿ. ಕಣ್ಣು ದಾಟಿಸಿದ ತಪ್ಪು ಕಿವಿಗೆ ಸಿಕ್ಕಿಬೀಳುತ್ತದೆ.

ಇಪಬ್ ಕಟ್ಟುವಾಗ ಅಧ್ಯಾಯದ ಹೆಸರುಗಳಿಗೆ ಹೆಡಿಂಗ್ ಸ್ಟೈಲ್ ಕೊಡಿ. ಬರೀ ದಪ್ಪಕ್ಷರ ಮಾಡಿದರೆ ಪರಿವಿಡಿ ಹುಟ್ಟುವುದಿಲ್ಲ. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟು ಇರಲಿ, ಇಲ್ಲದಿದ್ದರೆ ಒತ್ತಕ್ಷರಗಳು ಕೆಳಸಾಲಿಗೆ ತಾಗುತ್ತವೆ. ಎರಡೂ ಅಂಚು ಸಮ ಮಾಡುವ ಆಸೆ ಬಿಡಿ. ನಮ್ಮ ಪದಗಳು ಉದ್ದ, ಕಿರಿದಾದ ಪರದೆಯಲ್ಲಿ ನಡುವೆ ಕಂದಕಗಳೇ ಕಾಣುತ್ತವೆ. ಹೊಸ ಪುಸ್ತಕವನ್ನು ಪುಟ ಕಟ್ಟುವ ಈಗಿನ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಯುನಿಕೋಡ್‌ನಲ್ಲೇ ಮಾಡಿಸುವವರು ಅದರಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿರಬೇಕು, ಮರೆತರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ.

ಹಕ್ಕಿನ ಮಾತೂ ಇದೆ. ಒಪ್ಪಂದ ಮಾಡಿಕೊಂಡಾಗ ಬಳಕೆಯಲ್ಲೇ ಇಲ್ಲದಿದ್ದ ಮಾಧ್ಯಮ, ಅದರಲ್ಲಿ ಸ್ಪಷ್ಟವಾಗಿ ಹೆಸರಿಸದಿದ್ದರೆ, ಹಕ್ಕಿನ ವರ್ಗಾವಣೆಗೆ ಒಳಪಡುವುದಿಲ್ಲ ಎಂದು ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಹೇಳುತ್ತದೆ. ಹಳೆಯ ಪುಸ್ತಕವನ್ನು ಇ-ರೂಪಕ್ಕೆ ತರುವ ಮುಂಚೆ ಲೇಖಕರನ್ನೋ ಅವರ ವಾರಸುದಾರರನ್ನೋ ಕೇಳಿ ಹೊಸದಾಗಿ ಬರೆಸಿಕೊಳ್ಳುವುದು ಕಾನೂನಿಗೂ ಒಳ್ಳೆಯದು, ಸಂಬಂಧಕ್ಕೂ ಒಳ್ಳೆಯದು. ತೆರಿಗೆಯಲ್ಲಿ ಅನ್ಯಾಯವಿದೆ, ನಿಜ. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅಚ್ಚಾದ ಪುಸ್ತಕದ ಇ-ಪ್ರತಿಗೆ ಇದ್ದ 18 ಪ್ರತಿಶತ 2018ರ ಜುಲೈನಲ್ಲಿ 5ಕ್ಕೆ ಇಳಿಯಿತಷ್ಟೇ. ಅದರ ವಿರುದ್ಧ ದನಿ ಎತ್ತೋಣ. ಆದರೆ ಫೈಲು ಸರಿಮಾಡುವುದಕ್ಕೆ ಯಾರ ಆದೇಶವೂ ಬೇಕಿಲ್ಲ.

ಡಿಟಿಪಿಯವರಿಗೆ ಪುಟಕ್ಕಿಷ್ಟು ಎಂದು ದರ ಮಾತಾಡುವ ದಿನವೇ ಒಂದು ಷರತ್ತು ಸೇರಿಸಿ: ಕೆಲಸ ಮುಗಿದ ಮೇಲೆ ಪಿಡಿಎಫ್ ಜೊತೆ ಓಪನ್ ಫೈಲು (ತಿದ್ದಲು ಬರುವ ಪುಟದ ಮೂಲ ಫೈಲು), ಬಳಸಿದ ಫಾಂಟು ಮತ್ತು ಕೊನೆಯ ತಿದ್ದುಪಡಿ ಸೇರಿದ ಯುನಿಕೋಡ್ ಪಠ್ಯ ಮೂರನ್ನೂ ಕೊಡಬೇಕು.