ಧ್ಯಾನಕ್ಕಿಂತ ಮೊದಲು ನಿದ್ದೆ ಕೊಡಿ

ವೈದ್ಯರ ಬಳಲಿಕೆಗೆ ಪ್ರಾಣಾಯಾಮ, ಧ್ಯಾನ ಮದ್ದು ಎಂದು ಒಂದು ಲೇಖನದಲ್ಲಿ ಓದಿದೆ. ಒಳ್ಳೆಯದೇ. ಆದರೆ ಅವರು ಮಾಡುವುದು ಯಾವಾಗ? ನನ್ನ ಅಕ್ಕನ ಮಗಳು ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ರೆಸಿಡೆಂಟ್, ಅಂದರೆ ಸ್ನಾತಕೋತ್ತರ ವೈದ್ಯಕೀಯ (ಪಿಜಿ) ಓದುತ್ತಲೇ ಅಲ್ಲೇ ದುಡಿಯುವ ವೈದ್ಯೆ. ರಾತ್ರಿ ಡ್ಯೂಟಿ ಮುಗಿದರೂ ಬಿಡುವಿಲ್ಲ. ಬೆಳಗಿನ ರೌಂಡ್ಸ್, ಆಮೇಲೆ ಓಪಿಡಿ (ಹೊರರೋಗಿ ವಿಭಾಗ). ಡೊಂಬಿವಲಿಯ ನಮ್ಮ ಮನೆಗೆ ಬಂದರೆ ಸಾರನ್ನ ಕಲಸಿದ ಕೈ ತಟ್ಟೆಯಲ್ಲೇ ಇರುತ್ತದೆ, ಕೂತಲ್ಲೇ ತೂಕಡಿಸುತ್ತಾಳೆ. ಅಷ್ಟರಲ್ಲಿ ವಾರ್ಡಿನಿಂದ ಫೋನು.

ರೆಸಿಡೆಂಟ್‌ಗಳಿಗೆ ವಾರಕ್ಕೆ 48 ಗಂಟೆ ಕೆಲಸ ಎಂದು ಕೇಂದ್ರದ ನಿರ್ದೇಶನ 1992ರಲ್ಲೇ ಬಂದಿದೆ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ಕೆಲಸ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಬೇಕು, ದಿನಕ್ಕೆ 7-8 ಗಂಟೆ ನಿದ್ದೆ ಬೇಕು ಅಂದಿತು. ಮೊದಲು ಇದಾದರೂ ಜಾರಿಯಾಗಲಿ, ಅಲ್ವಾ? ಬರ್ನ್‌ಔಟ್, ಅಂದರೆ ಈ ವಿಪರೀತ ಬಳಲಿಕೆ, ಕೆಲಸದ ಜಾಗದ ಒತ್ತಡದಿಂದ ಬರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಹೇಳಿದೆ. ಸುಮ್ನೆ ಮನಸ್ಸು ಗಟ್ಟಿ ಮಾಡಿಕೋ ಎಂದು ಈ ಎಳೆಯ ವೈದ್ಯರಿಗೇ ಹೇಳುತ್ತಿದ್ದರೆ ಹೇಗೆ?

ಬೀದರ್, ವಿಜಯಪುರದ ಕಡೆಯಿಂದ ಮುಂಬಯಿ, ಪುಣೆಗೆ ಪಿಜಿ ಓದಲು ಬಂದವರು ಇದನ್ನು ಓದುತ್ತಿದ್ದರೆ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ತೀರಾ ಜಾಸ್ತಿಯಾಗುವವರೆಗೆ ಕಾಯಬೇಡಿ.