ಸ್ಟೋವ್ ತೂಕ ಆಮೇಲೆ, ಮೊದಲು ಗ್ಯಾಸ್ ನೋಡಿ

"ಇರೋದ್ರಲ್ಲಿ ಹಗುರವಾದ ಸ್ಟೋವ್ ತಗೊಳ್ಳಿ" ಅಂತ ಟ್ರೆಕ್ಕಿಂಗ್ ಸ್ಟೋವ್ ಬಗ್ಗೆಯ ಈ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಅದಕ್ಕೆ ಹಾಕುವ ಗ್ಯಾಸ್ ಯಾವುದು ಅಂತ ಮೊದಲು ನೋಡಬೇಕು ಅಲ್ವಾ?

ಒಮ್ಮೆ ಹಿಮಾಲಯದ ಟ್ರೆಕ್ಕಿಗೆ ನಾನು ಅಗ್ಗ ಅಂತ ಬ್ಯೂಟೇನ್ ಅನ್ನೋ ಗ್ಯಾಸಿನ ಉದ್ದನೆಯ ಡಬ್ಬಿ ಒಯ್ದಿದ್ದೆ. ಬೆಳಿಗ್ಗೆ ಎದ್ದರೆ ಟೆಂಟ್ ಮೇಲೆಲ್ಲ ಹಿಮ, ಡಬ್ಬಿ ಅಲ್ಲಾಡಿಸಿದರೆ ಒಳಗೆ ಗ್ಯಾಸ್ ಕುಲುಕುವುದು ಚೆನ್ನಾಗಿ ಕೇಳುತ್ತದೆ, ಆದರೆ ಬರ್ನರ್ ಮೇಲೆ ದೀಪದ ಕುಡಿಯಷ್ಟೂ ಉರಿ ಇಲ್ಲ. ಡಬ್ಬಿಯನ್ನು ಜಾಕೆಟ್ ಒಳಗೆ ಅರ್ಧ ಗಂಟೆ ಅಪ್ಪಿಕೊಂಡು ಕೂತ ಮೇಲೆ ಟೀ ಆಯಿತು! ಬ್ಯೂಟೇನ್ ಆವಿಯಾಗುವುದು ಹೆಚ್ಚುಕಡಿಮೆ 0 ಡಿಗ್ರಿಯವರೆಗೆ ಮಾತ್ರ, ಚಳಿ ಜಾಸ್ತಿಯಾದರೆ ಸುಮ್ನೆ ನೀರಿನ ಹಾಗೆ ಕೂತುಬಿಡುತ್ತದೆ. ಬೇರೆ ಗ್ಯಾಸ್‌ಗಳಲ್ಲಿ ಐಸೋಬ್ಯೂಟೇನ್ ಮೈನಸ್ 12ರವರೆಗೆ, ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಹಾಗಾಗಿ ಇವೆರಡೂ ಬೆರೆತ, ತಿರುಪು ಹಾಕಿ ಕೂರಿಸುವ ಗಿಡ್ಡ ಡಬ್ಬಿ ದುಬಾರಿಯಾದರೂ ನನ್ನ ಆಯ್ಕೆ ಅದೇ.

ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವ ಹಾಗಿಲ್ಲ, ಚೆಕ್‌ಇನ್ ಬ್ಯಾಗಲ್ಲೂ ಇಲ್ಲ. ಹೋದ ಊರಲ್ಲೇ ಕೊಳ್ಳಬೇಕು. ಅಲ್ಲಿ ಯಾವ ಡಬ್ಬಿ ಸಿಗುತ್ತದೆ ಅಂತ ವಿಚಾರಿಸಿ, ಅದಕ್ಕೆ ಹೊಂದುವ ಸ್ಟೋವ್ ತಗೊಳ್ಳಿ.

ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಗಾಳಿಗೆ ಮರೆ ಬೇಕು, ಫಾಯಿಲ್ ಸುತ್ತಿ ಅಂದಿದ್ದಾರೆ. ಡಬ್ಬಿ ಮೇಲೇ ಕೂರುವ ಸ್ಟೋವಿಗೆ ಹಾಗೆ ಸುತ್ತಬೇಡಿ ಮಾರಾಯ್ರೆ, ಡಬ್ಬಿ ಕಾದು ಸಿಡಿಯಬಹುದು. ಬಂಡೆ ಮರೆಗೆ ಇಟ್ಟರೆ ಸಾಕು. ಚಳಿ ಅಂತ ಟೆಂಟ್ ಮುಚ್ಚಿಕೊಂಡು ಒಳಗೆ ಹಚ್ಚುವುದಂತೂ ಬೇಡವೇ ಬೇಡ.