ಒಂದೇ ಕಡೆ ಕಾಣುವ ಟೈಪ್ ಪ್ಯಾರಾಮೀಟರ್

ಜಾವಾ ಕೋಡ್ ರಿವ್ಯೂ ಮಾಡುವಾಗ ಜೆನೆರಿಕ್ ಮೆಥಡ್ (ಹಲವು ಟೈಪ್‌ಗಳಿಗೆ ಒಂದೇ ಕೋಡ್ ಒದಗುವ ಮೆಥಡ್) ಎದುರಾದರೆ, ರಿಟರ್ನ್ ಟೈಪ್‌ಗೆ ಮುಂಚೆ ಘೋಷಿಸಿದ ಟೈಪ್ ಪ್ಯಾರಾಮೀಟರ್, ಅಂದರೆ ಯಾವುದೋ ಟೈಪ್‌ನ ಬದಲಿಗೆ ನಿಂತಿರುವ ‘ಟಿ’, ಅದರ ಸಿಗ್ನೇಚರ್‌ನಲ್ಲಿ ಮತ್ತೆಲ್ಲೆಲ್ಲಿ ಬಂದಿದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಟೈಪ್ ಪ್ಯಾರಾಮೀಟರ್‌ನ ಕೆಲಸವೇ ಎರಡು ಜಾಗಗಳಿಗೆ ನಂಟು ಹಾಕುವುದು: ‘ಟಿ’ಗಳ ಲಿಸ್ಟ್ ಪಡೆದು ‘ಟಿ’ಯನ್ನು ಹಿಂದಿರುಗಿಸುವ ಮೆಥಡ್‌ಗೆ ಸ್ಟ್ರಿಂಗ್‌ಗಳ ಲಿಸ್ಟ್ ಕೊಟ್ಟರೆ ಸ್ಟ್ರಿಂಗೇ ಬರುತ್ತದೆ ಎಂದು ಕಂಪೈಲರ್ ಖಾತರಿ ಕೊಡುತ್ತದೆ. 2004ರಲ್ಲಿ ಜಾವಾ 5 ಬರುವವರೆಗೆ ಈ ಖಾತರಿ ಇರಲಿಲ್ಲ. ಲಿಸ್ಟ್‌ನಿಂದ ತೆಗೆದದ್ದನ್ನೆಲ್ಲ ನಾವೇ ಕಾಸ್ಟ್ ಮಾಡಿಕೊಳ್ಳಬೇಕಿತ್ತು, ಅಂದರೆ ಅದು ಇಂಥ ಟೈಪ್‌ನದು ಎಂದು ಕೋಡ್‌ನಲ್ಲಿ ಬರೆದು ಹೇಳಬೇಕಿತ್ತು.

‘ಟಿ’ ಒಂದೇ ಒಂದು ಆರ್ಗ್ಯುಮೆಂಟ್‌ನಲ್ಲಿ ಮಾತ್ರ ಇದ್ದರೆ ಹಾನಿಯೇನಿಲ್ಲ, ಸಾಮಾನ್ಯವಾಗಿ ಅಲ್ಲಿ ವೈಲ್ಡ್‌ಕಾರ್ಡ್ (‘ಯಾವುದೋ ಒಂದು ಟೈಪ್’ ಎನ್ನುವ ‘?’ ಗುರುತು) ಸಾಕು. ನನ್ನ ನಿಜವಾದ ತಕರಾರು ‘ಟಿ’ ರಿಟರ್ನ್ ಟೈಪ್‌ನಲ್ಲಿ ಮಾತ್ರ ಕಾಣಿಸಿಕೊಳ್ಳುವ ಮೆಥಡ್‌ಗಳ ಬಗ್ಗೆ. ಕಾನ್ಫಿಗರೇಶನ್ ಮ್ಯಾಪ್‌ನಿಂದ ಮೌಲ್ಯ ತೆಗೆದುಕೊಡುವ ‘ಗೆಟ್’ ಮೆಥಡ್ ಒಂದನ್ನು ಗಮನಿಸಿ: ಅದು ಸ್ಟ್ರಿಂಗ್ ಕೀ ಪಡೆಯುತ್ತದೆ, ಸಿಕ್ಕಿದ ಆಬ್ಜೆಕ್ಟನ್ನು ‘ಟಿ’ಗೆ ಕಾಸ್ಟ್ ಮಾಡಿ ಹಿಂದಿರುಗಿಸುತ್ತದೆ. ಕಂಪೈಲರ್ ಎಚ್ಚರಿಕೆ ಕೊಡುತ್ತದೆ. ಬರೆದವರು ಸಪ್ರೆಸ್‌ವಾರ್ನಿಂಗ್ಸ್ ಅನೋಟೇಶನ್ ಹಚ್ಚಿ ಅದರ ಬಾಯಿ ಮುಚ್ಚಿಸುತ್ತಾರೆ. ಟೈಪ್ ಇರೇಷರ್‌ನಿಂದಾಗಿ (ಕಂಪೈಲ್ ಮಾಡುವಾಗ ಟೈಪ್ ಪ್ಯಾರಾಮೀಟರ್‌ಗಳನ್ನು ಅಳಿಸಿಹಾಕುವುದರಿಂದ) ರನ್ ಆಗುವ ಹೊತ್ತಿಗೆ ಅಲ್ಲಿನ ‘ಟಿ’ ಬರೀ ಆಬ್ಜೆಕ್ಟ್ ಆಗಿರುವುದರಿಂದ ಆ ಕಾಸ್ಟ್ ಏನನ್ನೂ ಪರೀಕ್ಷಿಸುವುದಿಲ್ಲ. ಮ್ಯಾಪ್‌ನಲ್ಲಿ ಟೈಮ್‌ಔಟ್ ‘30’ ಎಂಬ ಸ್ಟ್ರಿಂಗ್ ಆಗಿ ಕುಳಿತಿದ್ದು, ಕರೆದವರು ಅದನ್ನು ಇಂಟೀಜರ್ ವೇರಿಯಬಲ್‌ಗೆ ಹಾಕಿಕೊಂಡರೆ, ಕಂಪೈಲರ್ ತೆಪ್ಪಗಿರುತ್ತದೆ; ಟೈಪ್ ಹೊಂದದಿದ್ದಾಗ ಬರುವ ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್ ಬೀಳುವುದು ಕರೆದವರ ಸಾಲಿನಲ್ಲಿ, ಅದೂ ಕಣ್ಣಿಗೆ ಕಾಣುವ ಒಂದು ಕಾಸ್ಟ್ ಕೂಡ ಇಲ್ಲದ ಸಾಲಿನಲ್ಲಿ. ಇದು ಓದುಗರಿಗೆ ಮಾಡುವ ಮೋಸವೆಂದೇ ನಾನು ಭಾವಿಸುತ್ತೇನೆ. ಇದಕ್ಕಿಂತ ನೇರವಾಗಿ ಆಬ್ಜೆಕ್ಟ್ ಹಿಂದಿರುಗಿಸುವುದು ಎಷ್ಟೋ ಮೇಲು. ಆಗ ಕಾಸ್ಟ್ ಬರೆಯುವವರಿಗೆ ಅಪಾಯ ಎಲ್ಲಿದೆ ಎಂಬುದಾದರೂ ಗೊತ್ತಿರುತ್ತದೆ.

ಕಲೆಕ್ಷನ್ಸ್ ಕ್ಲಾಸ್‌ನ ‘ಎಂಪ್ಟಿಲಿಸ್ಟ್’ ಕೂಡ ರಿಟರ್ನ್ ಟೈಪ್‌ನಲ್ಲಷ್ಟೇ ‘ಟಿ’ಯನ್ನು ಬಳಸುತ್ತದೆ, ಆದರೆ ಅದು ಕೊಡುವ ಲಿಸ್ಟ್ ಸದಾ ಖಾಲಿ, ಅದಕ್ಕೆ ಏನನ್ನೂ ಸೇರಿಸಲೂ ಆಗದು, ತಪ್ಪು ಟೈಪ್‌ನ ವಸ್ತು ಅದರಿಂದ ಹೊರಬರಲು ಸಾಧ್ಯವೇ ಇಲ್ಲ.

ಉಳಿದ ಕಡೆ ಪರಿಹಾರ ಕಷ್ಟದ್ದಲ್ಲ. ಕೀ ಜೊತೆಗೆ ‘ಕ್ಲಾಸ್ ಆಫ್ ಟಿ’ಯನ್ನೂ (ರನ್‌ಟೈಮ್‌ನಲ್ಲಿ ಆ ಟೈಪ್ ಅನ್ನು ಪ್ರತಿನಿಧಿಸುವ ಆಬ್ಜೆಕ್ಟ್) ಆರ್ಗ್ಯುಮೆಂಟ್ ಆಗಿ ಕೇಳಿ, ಅದರದೇ ‘ಕಾಸ್ಟ್’ ಮೆಥಡ್ ಬಳಸಿದರೆ, ‘ಟಿ’ ಎರಡು ಕಡೆ ಬಂದಂತಾಯಿತು, ಎಕ್ಸೆಪ್ಷನ್ ಕೂಡ ತಪ್ಪು ಮೌಲ್ಯ ಸಿಕ್ಕ ಜಾಗದಲ್ಲೇ ಬರುತ್ತದೆ. ಸ್ಟ್ರಿಂಗ್‌ಗಳ ಲಿಸ್ಟ್‌ನಂಥ ಟೈಪ್‌ಗಳಿಗೆ ಮಾತ್ರ ಈ ಉಪಾಯ ಸಾಲದು, ಏಕೆಂದರೆ ರನ್‌ಟೈಮ್‌ನಲ್ಲಿ ಲಿಸ್ಟ್‌ಗೆ ಇರುವುದು ಒಂದೇ ಕ್ಲಾಸ್ ಆಬ್ಜೆಕ್ಟ್; ಅಲ್ಲಿ ಒಳಗಿನ ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸಿ ಹೊಸ ಲಿಸ್ಟ್ ಕಟ್ಟಿಕೊಡುವ ಪ್ರತ್ಯೇಕ ಮೆಥಡ್ ಬರೆಯುವುದೇ ಸರಿ.